ಮೂರು ಕಿಲೋ ಒಳಗೆ ಒಂದು ಗಿಟಾರ್

ಆ ಹಳೆಯ ಗಿಟಾರಿನ ತೂಕ ನಾಲ್ಕು ಕಿಲೋ ಏಳುನೂರು ಗ್ರಾಂ. ಶೆಡ್ಡಿನ ತೊಲೆಗೆ ಕಟ್ಟಿದ್ದ ಕೊಕ್ಕೆ ತಕ್ಕಡಿಗೆ ಅದನ್ನು ನೇತುಹಾಕಿ ಎರಡು ಸಲ ನೋಡಿದೆ. ಎರಡು ಸಲವೂ ಅದೇ ಅಂಕಿ ಬಂದ ಮೇಲೆ ಪುಸ್ತಕದಲ್ಲಿ ಬರೆದುಕೊಂಡೆ. ಗಿಟಾರಿನವರು ಎದುರಿನ ಬೆಂಚಿನ ಮೇಲೆ ಕೂತು ಬಲಗೈಯಿಂದ ಎಡ ಭುಜವನ್ನು ಅಮುಕಿಕೊಳ್ಳುತ್ತಿದ್ದರು.

"ಡಾಕ್ಟ್ರು ಮೂರು ಕಿಲೋ ಅಂದವ್ರೆ ಮೇಡಂ. ಅದ್ರ ಮೇಲೆ ಒಂದ್ ಗ್ರಾಮೂ ಈ ಭುಜಕ್ಕೆ ತೂಗಾಕಂಗಿಲ್ವಂತೆ."

ಅವರು ಕೆ.ಆರ್. ನಗರದವರು. ಹತ್ತೊಂಬತ್ತು ವರ್ಷದಿಂದ ಒಂದೇ ಆರ್ಕೆಸ್ಟ್ರಾದಲ್ಲಿ ಲೀಡ್ ಗಿಟಾರ್ ನುಡಿಸುತ್ತಿದ್ದರು. ಹಿಂದಿನ ವರ್ಷ ಬೈಕಿನಿಂದ ಬಿದ್ದು ಎಡ ಭುಜದ ಮೂಳೆ ಮುರಿದಿತ್ತು. ಒಳಗೆ ಪ್ಲೇಟ್ ಹಾಕಿದ್ದರು. ಗಿಟಾರಿನ ಬೆಲ್ಟು ಕೂರುವುದು ಸರಿಯಾಗಿ ಆ ಪ್ಲೇಟಿನ ಮೇಲೆ. ಕೂತು ನುಡಿಸಿದರೆ ತೊಂದರೆಯಿಲ್ಲ. ನಿಂತರೆ ನಲವತ್ತು ನಿಮಿಷಕ್ಕೆ ಬೆರಳು ಜೋಮು ಹಿಡಿಯುತ್ತಿತ್ತು. ಆದರೆ ತಂಡದ ಯಜಮಾನರು ಕೂತು ನುಡಿಸುವವರನ್ನು ವೇದಿಕೆಗೆ ಹತ್ತಿಸುವವರಲ್ಲ. ಗಣೇಶನ ಹಬ್ಬದ ಸೀಸನ್ನಿಗೆ ಮೂರು ಗಂಟೆ ನಿಲ್ಲುವುದಾದರೆ ಸರಿ, ಇಲ್ಲವಾದರೆ ಗಿಟಾರಿನ ಪಾಲನ್ನೂ ಕೀಬೋರ್ಡಿನವರೇ ನೋಡಿಕೊಳ್ಳುತ್ತಾರೆ ಎಂದು ಹೇಳಿಬಿಟ್ಟಿದ್ದರು. ಹಬ್ಬಕ್ಕೆ ಏಳು ವಾರ ಇತ್ತು.

"ಆ ಡಬ್ಬದೊಳ್ಗೆ ಗಿಟಾರೂ ಅದೆ, ಶಹನಾಯೀನೂ ಅದೆ, ನಾಯಿ ಬೊಗ್ಳೋದೂ ಅದೆ. ನಾನ್ಯಾಕ್ ಬೇಕು ಹೇಳಿ?" ಎಂದು ಅವರು ನಕ್ಕರು. ಭುಜದ ಮೇಲಿನ ಕೈ ಮಾತ್ರ ತೆಗೆಯಲಿಲ್ಲ.

ನಾನು ಲೆಕ್ಕ ಹಾಕಿದೆ. ಕೈ ಓಡಾಡುವ ಉದ್ದನೆಯ ನೆಕ್, ಬಿರಡೆಗಳು, ಬ್ರಿಡ್ಜ್, ತಂತಿಯ ಸ್ವರ ಹಿಡಿಯುವ ಪಿಕಪ್, ತಂತಿ, ಸ್ಕ್ರೂ ಎಲ್ಲ ಸೇರಿ ಒಂದೂವರೆ ಕಿಲೋ. ಉಳಿದದ್ದು ಒಂದೂವರೆ. ಅಷ್ಟರಲ್ಲಿ ಟೊಳ್ಳಿಲ್ಲದ, ಇಡೀ ಹಲಗೆಯ ಬಾಡಿ ಬರಬೇಕು. ಕಷ್ಟ, ಆದರೆ ಆಗದ್ದಲ್ಲ. "ಆಗುತ್ತೆ ಸರ್" ಎಂದೆ.

ಸಾಮಾನ್ಯವಾಗಿ ನಾನು ಅಷ್ಟು ಬೇಗ ಹಾಗೆ ಹೇಳುವವಳಲ್ಲ. ಅವರು ಅಲ್ಲಿಯೇ ಫೋನ್ ತೆಗೆದು ಯಜಮಾನರಿಗೆ ಹಚ್ಚಿದರು. "ಅಣ್ಣಾ, ನಾನ್ ನಿಂತ್ಕತೀನಿ. ಬರ್ಕೊಂಡ್ಬುಡಿ."

ಹುಣಸೂರಿನ ಸಾಮಿಲ್ಲುಗಳ ಸಾಲಿನ ಹಿಂದೆ ನಮ್ಮ ಶೆಡ್ಡು. ಶೆಡ್ಡು ಚಾಚಾ ಅವರದು. ಊರೆಲ್ಲ ಅವರನ್ನು ಸಾಬ್ರೇ ಎನ್ನುತ್ತದೆ, ನಾನು ಚಾಚಾ ಎನ್ನುತ್ತೇನೆ. ಅವರ ತಂದೆ ನೊಗ, ನೇಗಿಲು ಮಾಡುತ್ತಿದ್ದರಂತೆ. ಚಾಚಾ ಹಾರ್ಮೋನಿಯಂ ಪೆಟ್ಟಿಗೆಯಿಂದ ಶುರುಮಾಡಿ ಗಿಟಾರಿಗೆ ಬಂದವರು. ಮರ ಅವರದು, ವೈರಿಂಗ್ ಮತ್ತು ಅಳತೆ ನನ್ನದು. ಭೌತಶಾಸ್ತ್ರ ಓದಿದ ನಾನು ಅಲ್ಲಿಗೆ ಹೇಗೆ ಬಂದೆ ಎಂಬುದು ಈ ಬರಹಕ್ಕೆ ಬೇಡ.

"ಮೂರು ಕಿಲೋನಾ?" ಎಂದು ಚಾಚಾ ಹುಬ್ಬೇರಿಸಿದರು. "ಅದು ಗಿಟಾರಲ್ಲ ಬೇಟಿ, ಗಾಳಿಪಟ."

ಅವರ ಮನಸ್ಸಿನಲ್ಲಿ ಇದ್ದದ್ದು ತೇಗ. ಶೆಡ್ಡಿನ ಅಟ್ಟದ ಮೇಲೆ ಅವರದೊಂದು ತೇಗದ ತೊಲೆ ಇತ್ತು. ಯಾವುದೋ ಹಳೆಯ ಮನೆ ಕೆಡವಿದಾಗ ತಂದು ಹದಿನಾರು ವರ್ಷದಿಂದ ಇಟ್ಟುಕೊಂಡದ್ದು. ಅದಕ್ಕೆ ತಕ್ಕ ಗಿಟಾರ್ ಬರಲಿ ಎಂದು ಕಾಯುತ್ತಿದ್ದರು. ಇದೇ ಆ ಗಿಟಾರ್ ಎಂದು ಅವರಿಗೆ ಅನ್ನಿಸಿತ್ತು. ನಾನು ತೊಲೆಯ ತುದಿಯ ಚೂರನ್ನು ತೂಗಿ, ಅಳೆದು, ಎಷ್ಟು ತೆಳುವಾಗಿ ಕೊರೆದರೂ ಗಿಟಾರ್ ಮೂರು ಕಿಲೋ ನಾನೂರಕ್ಕಿಂತ ಇಳಿಯುವುದಿಲ್ಲ ಎಂದು ತೋರಿಸಿದೆ. ನನ್ನ ಆಯ್ಕೆ ಹೆಬ್ಬೇವು. ಈಚೆಗೆ ನಮ್ಮ ಕಡೆ ಹೊಲದ ಬದುಗಳಲ್ಲೆಲ್ಲ ಬೆಳೆಯುತ್ತಿರುವ, ಏಳೆಂಟು ವರ್ಷಕ್ಕೇ ಕಡಿಯುವ, ಹಗುರವಾದ ಮರ.

"ಪ್ಲೈವುಡ್ ಮರ!" ಎಂದರು ಚಾಚಾ. "ಹುಣಸೂರಿನೋರು ಪೆಟ್ಗೆ ಮರದಾಗೆ ಗಿಟಾರ್ ಮಾಡಿದ್ರು ಅಂತ ಜನ ನಗಲ್ವಾ?"

"ಜನ ನೋಡೋದು ಬೇಡ ಚಾಚಾ, ಕೇಳಲಿ."

ಕೇಳುವುದಕ್ಕೆ ಒಂದು ವ್ಯವಸ್ಥೆ ಮಾಡಿದೆವು. ತೇಗದ್ದೊಂದು, ಹೆಬ್ಬೇವಿನದೊಂದು ಒಂದೇ ಅಳತೆಯ ಆಯತದ ಹಲಗೆ. ಎರಡಕ್ಕೂ ಸರದಿಯ ಮೇಲೆ ಅದೇ ನೆಕ್, ಅದೇ ಬ್ರಿಡ್ಜ್, ಅದೇ ಪಿಕಪ್, ಅದೇ ದಪ್ಪದ ಹೊಸ ತಂತಿ. ಬೆರಳಿನಿಂದ ಮೀಟಿದರೆ ಪ್ರತಿ ಸಲವೂ ಬಲ ಬೇರೆಯಾಗುತ್ತದೆ. ಹಾಗಾಗಿ ಕೂದಲೆಳೆಯಂಥ ತಾಮ್ರದ ತಂತಿಯನ್ನು ಗಿಟಾರಿನ ತಂತಿಯ ಕೆಳಗೆ ತೂರಿಸಿ, ಅದು ಕಿತ್ತುಹೋಗುವವರೆಗೆ ಮೆಲ್ಲಗೆ ಎಳೆಯುತ್ತಿದ್ದೆ. ತಾಮ್ರ ಕೀಳುವುದು ಯಾವಾಗಲೂ ಹೆಚ್ಚುಕಡಿಮೆ ಒಂದೇ ಬಲಕ್ಕೆ. ಕಿತ್ತ ಕ್ಷಣದಿಂದ ಸ್ವರ ಅಡಗುವವರೆಗೆ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ನೆಕ್ಕಿನ ಮೇಲೆ ವೀಣೆಯ ಮೆಟ್ಟಿಲುಗಳಂತಿರುವ ಒಂದೊಂದು ಫ್ರೆಟ್ಟಿನಲ್ಲೂ ಐದು ಸಲ.

ಚಾಚಾ ಅವರ ದಾರಿ ಬೇರೆ. ಗರಗಸದ ಸದ್ದಿನಲ್ಲಿ ಅವರ ಬಲಗಿವಿ ಹೋಗಿ ಎಷ್ಟೋ ಕಾಲವಾಗಿತ್ತು, ಎಡಗಿವಿಯೂ ಅಷ್ಟಕ್ಕಷ್ಟೆ. ಅವರು ಬಾಗಿ, ಹಲಗೆಯ ಅಂಚಿಗೆ ದವಡೆಯ ಮೂಳೆ ಒತ್ತಿ, ಕಣ್ಣು ಮುಚ್ಚಿ, ಬೆರಳ ಗೆಣ್ಣಿನಿಂದ ಮರವನ್ನು ಕುಟ್ಟುತ್ತಿದ್ದರು. ಕೇಳಿಸುವುದು ಮೂಳೆಯ ಮೂಲಕ. ಮೊದಮೊದಲು ನನಗೆ ಅದು ಆಟದಂತೆ ಕಾಣುತ್ತಿತ್ತು. ಒಮ್ಮೆ ಅವರು ಎದ್ದು, "ಈ ಹಲ್ಗೆ ಒಳ್ಗೆ ಇನ್ನೂ ನೀರು ಕುಡ್ದು ಮಲ್ಗದೆ" ಎಂದಾಗ ತೇವದ ಮೀಟರು ಚುಚ್ಚಿದೆ. ಹೆಬ್ಬೇವಿನಲ್ಲಿ ನೂರಕ್ಕೆ ಹತ್ತೊಂಬತ್ತು ಪಾಲು ನೀರು ತೋರಿಸಿತು. ನಮಗೆ ಬೇಕಾದದ್ದು ಒಂಬತ್ತೋ ಹತ್ತೋ.

ಗಿಟಾರಿನವರು ಬಂದು, ನಮಗೆ ಬೆನ್ನು ಹಾಕಿ ನಿಂತು, ಎರಡನ್ನೂ ಹತ್ತು ಸಲ ಕೇಳಿದರು. ಆರು ಸಲ ತೇಗವೇ ಚೆನ್ನ ಎಂದರು, ನಾಲ್ಕು ಸಲ ಹೆಬ್ಬೇವು. ಅಂದರೆ ಗೊತ್ತಾಗುವಷ್ಟು ವ್ಯತ್ಯಾಸವಿರಲಿಲ್ಲ. ಹನ್ನೆರಡನೆಯ ಫ್ರೆಟ್ಟಿನಲ್ಲಿ ಎಳೆದು ಬಿಟ್ಟ ಸ್ವರದಲ್ಲಿ ಮಾತ್ರ ತೇಗ ಹನ್ನೊಂದು ಸೆಕೆಂಡು ನಿಂತಿತು, ಹೆಬ್ಬೇವು ಒಂಬತ್ತು. ಅದನ್ನೂ, ತೇಗದ ಮೂರು ಕಿಲೋ ನಾನೂರರ ಲೆಕ್ಕವನ್ನೂ ಮುಚ್ಚಿಡದೆ ಹೇಳಿದೆ.

"ಹನ್ನೊಂದ್ ಸೆಕೆಂಡು ಒಂದೇ ಸ್ವರ ಇಡ್ಕೊಂಡ್ರೆ ಡ್ರಮ್ಮಿನೋನು ಕಡ್ಡೀಲಿ ಒಡೀತಾನೆ ಮೇಡಂ," ಎಂದರು. "ಹಗುರದ್ದೇ ಇರ್ಲಿ."

ಒಣಗಿದ ಹೆಬ್ಬೇವು ಎಲ್ಲಿಯೂ ಸಿಗಲಿಲ್ಲ. ಅದು ಕಡಿದ ವಾರಕ್ಕೇ ಪ್ಲೈವುಡ್ ಕಾರ್ಖಾನೆಗೆ ಹೋಗುವ ಮರ. ಒಣಗಿಸಿ ಇಡುವವರು ಯಾರು? ಹತ್ತಿರದ ಗುರುಪುರದ ಕಡೆಯೂ ಕೇಳಿಸಿ ನೋಡಿದೆ. ಕೊನೆಗೆ, ನಮಗೆ ಹಲಗೆ ಕೊಟ್ಟಿದ್ದ ಪಿರಿಯಾಪಟ್ಟಣದ ಹತ್ತಿರದ ರೈತರ ಮನೆಗೇ ಹೋದೆ. ಅದು ಹೊಗೆಸೊಪ್ಪು ಬೇಯಿಸುವ ಕಾಲ. ಮನೆಯ ಹಿಂದೆ, ಸೊಪ್ಪು ನೇತುಹಾಕಿ ಶಾಖಕ್ಕೆ ಒಣಗಿಸುವ ಬ್ಯಾರನ್ನಿನ ಒಲೆ ಉರಿಯುತ್ತಿತ್ತು. ಬ್ಯಾರನ್ನಿನ ಕೆಲಸವೆಲ್ಲ ಆ ಮನೆಯ ಅಕ್ಕನದು. ಕಿಂಡಿಯಲ್ಲಿ ಥರ್ಮಾಮೀಟರು ನೋಡಿ, ಸೌದೆ ಹೆಚ್ಚು ಕಡಿಮೆ ಮಾಡುತ್ತ, ನಡುವೆ ನನ್ನ ಕಷ್ಟ ಕೇಳಿಸಿಕೊಂಡರು.

"ಅದ್ಕೇನವ್ವ, ಬ್ಯಾರನ್ನಿಗೇ ಆಕು. ಎಲೆ ದಂಟೇ ಆರು ದಿನ್ಕೆ ಗರಗರ ಅಂತದೆ. ನಿನ್ ಹಲ್ಗೆ ಒಣಗಲ್ವಾ?"

ನಾನು ಯೋಚಿಸಿದೆ. ಮೊದಲ ದಿನಗಳಲ್ಲಿ ಶಾಖ ಕಡಿಮೆ, ತೇವ ಹೆಚ್ಚು. ಕೊನೆಯ ಎರಡು ದಿನ ಎಪ್ಪತ್ತು ಡಿಗ್ರಿಯವರೆಗೆ. ಮರ ಒಣಗಿಸುವ ಯಂತ್ರದ ಕ್ರಮವೂ ದೂರದಿಂದ ನೋಡಿದರೆ ಹಾಗೆಯೇ ಕಾಣುತ್ತದೆ. ಚಾಚಾ ಬೇಡವೆಂದರು. "ಎಲೆ ಒಣಗೋದು ಬೇರೆ, ಮರ ಒಣಗೋದು ಬೇರೆ. ಮರಕ್ಕೆ ಆತುರ ಆಗಲ್ಲ ಬೇಟಿ." ಹಾಗಾದರೆ ಬೇರೆ ದಾರಿ ಏನು ಎಂದು ಕೇಳಿದೆ. ಅವರು ಅಟ್ಟದ ಕಡೆ ನೋಡಿದರು. ನಾನು ನೋಡಲಿಲ್ಲ. ನಾಲ್ಕು ಹಲಗೆಗಳನ್ನು ಬ್ಯಾರನ್ನಿಗೆ ಕಳಿಸಿದೆ.

ಆರು ದಿನದ ಮೇಲೆ ಎರಡನ್ನು ಶೆಡ್ಡಿಗೆ ತಂದೆವು, ಜಾಗವಿಲ್ಲದೆ ಎರಡನ್ನು ಅಲ್ಲೇ ಬಿಟ್ಟೆವು. ಹಲಗೆಗೆ ಹೊಗೆಸೊಪ್ಪಿನ ಸಿಹಿ ವಾಸನೆ ಹತ್ತಿತ್ತು. ಮೀಟರು ಚುಚ್ಚಿದರೆ ಒಂಬತ್ತು. ಇನ್ನೊಂದು ಕಡೆ ಚುಚ್ಚಿದೆ, ಒಂಬತ್ತೂವರೆ. ಚಾಚಾ ದವಡೆ ಇಟ್ಟು ನೋಡಿ ಹಲಗೆಯನ್ನು ಗೋಡೆಗೆ ಒರಗಿಸಿದರು. "ಅಂಕಿ ಬಂದಿದೆಯಲ್ಲ ಚಾಚಾ" ಎಂದೆ. "ಬಂದದೆ" ಎಂದರು. ಅವರು ಅಷ್ಟು ಚಿಕ್ಕ ಉತ್ತರ ಕೊಟ್ಟದ್ದನ್ನು ನಾನು ಗಮನಿಸಬೇಕಿತ್ತು.

ಅಂಟು ಹಾಕಿದೆವು, ಆಕಾರಕ್ಕೆ ಕತ್ತರಿಸಿದೆವು. ನೆಕ್ ಕೂರುವ ಗುಂಡಿಯನ್ನು, ಪಿಕಪ್ಪಿನ ಗುಂಡಿಗಳನ್ನು ಒಂದು ಸಂಜೆ ಕೊರೆದು ಮುಗಿಸಿದೆ. ನೆಕ್ ಒತ್ತಿದರೆ ಕಾಗದವೂ ತೂರದಂತೆ ಬಿಗಿಯಾಗಿ ಕೂತಿತು. ಮರುದಿನ ಬೆಳಿಗ್ಗೆ ಅದೇ ನೆಕ್ ಗುಂಡಿಯಲ್ಲಿ ಅಲ್ಲಾಡುತ್ತಿತ್ತು. ಬಾಡಿಯ ಮೇಲೆ ಉಕ್ಕಿನ ಪಟ್ಟಿ ಇಟ್ಟು ಬಾಗಿಲ ಬೆಳಕಿಗೆ ಹಿಡಿದೆ. ಪಟ್ಟಿಯ ಕೆಳಗೆ ಬೆಳಕು ಬಿತ್ತು. ಇಡೀ ಹಲಗೆ ತಟ್ಟೆಯ ಹಾಗೆ ಬಾಗಿತ್ತು, ನಡುವೆ ಎರಡೂವರೆ ಮಿಲಿಮೀಟರು. ಕೊರೆದ ಗುಂಡಿಯ ತಳಕ್ಕೆ ಮೀಟರು ಚುಚ್ಚಿದೆ. ಹದಿನೇಳು.

ಮೀಟರಿನ ಮುಳ್ಳುಗಳ ಉದ್ದ ಎಂಟು ಮಿಲಿಮೀಟರು. ಅದು ಹೇಳುವುದು ಅಷ್ಟು ಆಳದ ಸುದ್ದಿ ಮಾತ್ರ ಎಂದು ಅದರ ಜೊತೆ ಬಂದ ಕಾಗದದಲ್ಲೇ ಬರೆದಿದೆ. ನಾನು ಅದನ್ನು ಓದಿದ್ದೆ. ಬ್ಯಾರನ್ನಿನ ಶಾಖಕ್ಕೆ ಹೊರಗಿನ ಪದರ ಒಣಗಿ ಬಿಗಿದುಕೊಂಡಿತ್ತು, ಒಳಗಿನ ನೀರು ಒಳಗೇ ಉಳಿದಿತ್ತು. ನಾನು ಕೊರೆದು ಆ ಬಿಗಿಯನ್ನು ಬಿಡಿಸಿದ್ದೆ.

ಚಾಚಾ ಬಾಗಿದ ಬಾಡಿಯನ್ನು ಎತ್ತಿಕೊಂಡು ಒಂದು ಸಲ ತಿರುಗಿಸಿ ನೋಡಿ ಕೆಳಗಿಟ್ಟರು. ಬೈಯಲಿಲ್ಲ. "ಚಾ ಕುಡಿ" ಎಂದರು.

ಗಿಟಾರಿನವರಿಗೆ ಆವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಎರಡನೆಯ ದಿನ ಅವರೇ ಫೋನ್ ಮಾಡಿದರು. "ಮೇಡಂ, ಪಾಂಪ್ಲೆಟ್ ಪ್ರಿಂಟ್ ಆಯ್ತು. ನನ್ ಫೋಟೋ ನಿಂತಿರೋದೇ ಆಕವ್ರೆ. ಬಣ್ಣ ಯಾವ್ದು ಒಡೀತಿದೀರಿ?" ನಾನು, "ಕೆಲಸ ನಡೀತಿದೆ ಸರ್" ಎಂದೆ. ಅದು ಸುಳ್ಳೆಂದು ಹೇಳಲಾಗದು, ನಿಜವೆಂದೂ ಹೇಳಲಾಗದು. ಫೋನ್ ಇಟ್ಟು ಪುಸ್ತಕ ತೆರೆದೆ. ಬಾಗಿದ್ದನ್ನು ಸರಿಪಡಿಸುವ ಲೆಕ್ಕಗಳನ್ನು ಪುಟಗಟ್ಟಲೆ ಬರೆದೆ: ಹಿಂಬದಿಯನ್ನು ಕೆರೆದರೆ ಎಷ್ಟು, ಒದ್ದೆ ಮಾಡಿ ಒತ್ತಿದರೆ ಎಷ್ಟು. ಒಂದೂ ಕೂಡಲಿಲ್ಲ. ಹೀಗೆ ನಾಲ್ಕು ದಿನ ಕಳೆಯಿತು.

ಐದನೆಯ ದಿನ ಬೆಳಿಗ್ಗೆ ಕೆ.ಆರ್. ನಗರದ ಬಸ್ಸು ಹತ್ತಿದೆ. ಫೋನಿನಲ್ಲಿ ಹೇಳುವ ಮಾತಲ್ಲ ಅನ್ನಿಸಿತ್ತು. ಅವರ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ಬ್ಯಾರನ್ನಿನಿಂದ ಹಿಡಿದು ಮೀಟರಿನ ಮುಳ್ಳಿನವರೆಗೆ ಎಲ್ಲವನ್ನೂ ಕ್ರಮವಾಗಿ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ.

"ಇದಾಗಿ ಎಷ್ಟ್ ದಿನ ಆಯ್ತು?" ಎಂದು ಕೇಳಿದರು.

"ನಾಲ್ಕು ದಿನ ಸರ್."

"ಮೊನ್ನೆ ನಾನ್ ಬಣ್ಣ ಕೇಳ್ದಾಗ?"

"ಆಗಲೇ ಆಗಿತ್ತು."

ಅವರು ಬೀದಿಯ ಕಡೆ ನೋಡುತ್ತ ಕೂತರು. ನನ್ನ ಮುಖ ನೋಡದೆ ಇದ್ದದ್ದು ಉಪಕಾರವೇ ಆಯಿತು. ಆಮೇಲೆ, "ತೇಗದ್ರಲ್ಲೇ ಮಾಡ್ಬುಡಿ ಮೇಡಂ. ಮೂರೂ ನಾನೂರಲ್ವಾ? ನಾನೂರ್ ಗ್ರಾಂ ಏನ್ ಮಹಾ, ಒಂದ್ ಸೌತೆಕಾಯಿ. ತಡ್ಕತೀನಿ" ಎಂದರು.

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಚಾಚಾ ಅವರಿಗೂ ಅದೇ ಬೇಕಿತ್ತು. ತೇಗ ಒಣಗಿತ್ತು, ಸ್ವರ ಇನ್ನೂ ಚೆನ್ನಾಗಿತ್ತು, ಹತ್ತು ದಿನದಲ್ಲಿ ಕೆಲಸ ಮುಗಿಯುತ್ತಿತ್ತು. ನನ್ನ ತಪ್ಪಿನ ಭಾರವನ್ನು ಅವರು ತಮ್ಮ ಭುಜಕ್ಕೆ ಹಾಕಿಕೊಳ್ಳಲು ಒಪ್ಪಿದ್ದರು. ಒಪ್ಪಿದ ಕಾರಣಕ್ಕೇ ನನಗೆ ಅದು ಆಗಲಿಲ್ಲ.

"ಮೂರು ಕಿಲೋ ಅಂತ ಬರ್ಕೊಂಡಿದೀನಿ ಸರ್," ಎಂದೆ. "ಮೂರರೊಳಗೇ ಕೊಡ್ತೀನಿ. ಆಗದೆ ಇದ್ರೆ ಹಬ್ಬಕ್ಕೆ ಹದಿನೈದು ದಿನ ಇರುವಾಗಲೇ ಹೇಳ್ತೀನಿ. ಈ ಸಲ ತಡ ಮಾಡಲ್ಲ."

ಅವರು ಗೋಣು ಹಾಕಿದರು. ನಂಬಿ ಹಾಕಿದರೋ, ಬೇರೆ ದಾರಿಯಿಲ್ಲದೆ ಹಾಕಿದರೋ ತಿಳಿಯಲಿಲ್ಲ.

ಬಿಟ್ಟುಬಂದಿದ್ದ ಎರಡು ಹಲಗೆಗಳನ್ನು ನೋಡಲು ಮರುದಿನ ಪಿರಿಯಾಪಟ್ಟಣದ ಕಡೆ ಹೋದೆ. ಅವೂ ಬಾಗಿದ್ದವು, ಒಂದು ತುದಿಯಲ್ಲಿ ಸೀಳಿತ್ತು. ಬ್ಯಾರನ್ನು ಖಾಲಿಯಾಗಿ ಆರುತ್ತಿತ್ತು. ಸೀಳಿದ ಹಲಗೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದಾಗ ಅಕ್ಕ ಬ್ಯಾರನ್ನಿನ ಬಾಗಿಲನ್ನು ಒಂದೇ ಕೈಯಲ್ಲಿ ತಳ್ಳಿದರು. ಅದು ಒಂದಿಷ್ಟೂ ಉಜ್ಜದೆ, ಚೌಕಟ್ಟಿಗೆ ಸರಿಯಾಗಿ ಹೋಗಿ ಕೂತಿತು.

ನಾನು ಬಾಗಿಲನ್ನು ನೋಡಿದೆ. ಉದ್ದಕ್ಕೆ ಮೂರು ಹಲಗೆ, ಹಿಂದೆ ಎರಡು ಅಡ್ಡಪಟ್ಟಿ. ಕಂದುಗಟ್ಟಿತ್ತು.

"ಅಕ್ಕ, ಇದು ಯಾವ ಮರ?"

"ಸಿಲ್ವರ್ ಓಕ್ ಕಣವ್ವ. ನಮ್ ಮಾವ ಕೊಡಗಿನ್ ಕಡೆ ಕಾಫಿ ತ್ವಾಟದಿಂದ ತಂದಿದ್ರು. ನಾನ್ ಮದ್ವೆಯಾಗಿ ಬಂದು ಇಪ್ಪತ್ ವರ್ಸ ಆಯ್ತು, ಆಗ್ಲೂ ಇದೇ ಬಾಗ್ಲು."

"ಯಾವತ್ತಾದರೂ ಬಾಗಿತ್ತಾ?"

"ಬಾಗಿದ್ರೆ ಶಾಖ ನಿಲ್ತದಾ? ಸೊಪ್ಪೆಲ್ಲ ಆಳಾಯ್ತದೆ."

ಇಪ್ಪತ್ತಕ್ಕೂ ಹೆಚ್ಚು ವರ್ಷ, ಪ್ರತಿ ಸೀಸನ್ನಿನಲ್ಲೂ ಏಳೆಂಟು ಸಲ ಕಾದು, ಆರಿ, ಮಳೆಗಾಲದ ತೇವ ಹೀರಿ, ಮತ್ತೆ ಕಾದ ಮರ. ನಾನು ಆರು ದಿನದಲ್ಲಿ ಮಾಡಿಸಲು ಹೋದದ್ದನ್ನು ಅದು ತನ್ನ ಪಾಡಿಗೆ ಅಷ್ಟು ವರ್ಷ ಮಾಡಿಕೊಂಡಿತ್ತು. ದಪ್ಪ ಒಂದೂವರೆ ಇಂಚು. ಗಿಟಾರಿಗೆ ಕೊಂಚ ತೆಳು, ತೂಕಕ್ಕೆ ಅನುಕೂಲ. ಮೀಟರನ್ನು ಚೀಲದಿಂದ ತೆಗೆಯಲಿಲ್ಲ. ಚಾಚಾ ಅವರಿಗೆ ಫೋನ್ ಮಾಡಿ ಬರಲು ಹೇಳಿದೆ.

ಚಾಚಾ ಮಧ್ಯಾಹ್ನ ಬಂದರು. ಅಂಗಳದಲ್ಲಿ ಚಪ್ಪಲಿ ಬಿಟ್ಟು, ನೇರವಾಗಿ ಬಾಗಿಲಿನ ಹತ್ತಿರ ಹೋಗಿ, ದವಡೆ ಒತ್ತಿ, ಕಣ್ಣು ಮುಚ್ಚಿದರು.

"ಏನ್ ಸಾಬ್ರೇ," ಎಂದರು ಅಕ್ಕ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು. "ನಮ್ ಬಾಗ್ಲಿಗೆ ಮುತ್ತು ಕೊಡ್ತಿದೀರಲ್ಲ!"

ಚಾಚಾ ಒಂದು ಕೈ ಎತ್ತಿ ಸುಮ್ಮನಿರಿ ಎಂಬಂತೆ ಸನ್ನೆ ಮಾಡಿ, ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ಕುಟ್ಟುತ್ತ ಬಂದರು. ಆಮೇಲೆ ಕೆಳ ಅಂಚಿನಲ್ಲಿ ಸಣ್ಣ ತೂತು ಕೊರೆದು, ಒಳಗಿನ ಪುಡಿಯನ್ನು ಬೆರಳಲ್ಲಿ ಉಜ್ಜಿದರು. ಹಿಟ್ಟಿನಂತೆ ಉದುರಿತು. ಈಗ ಮೀಟರು ಕೇಳಿದರು. ತೂತಿನ ತಳದಲ್ಲಿ ಎಂಟು.

"ಇದು ಮರ" ಎಂದರು.

ಅಕ್ಕನಿಗೆ ವಿಷಯ ಗೊತ್ತಾದಾಗ ನಗು ನಿಂತಿತು. "ಬಾಗ್ಲು ಕಿತ್ಕೊಂಡೋದ್ರೆ ನಾನ್ ಸೊಪ್ಪು ಎಂಗ್ ಬೇಯ್ಸ್ಲಿ? ನಾಡಿದ್ದು ತುಂಬ್ಬೇಕು. ಎಲೆ ಗಿಡದಲ್ಲಿ ಕಾಯ್ಕಂಡ್ ಕೂತಿರ್ತದಾ?"

ಹೊಸ ಬಾಗಿಲು ಮಾಡಿಕೊಡುತ್ತೇವೆ ಎಂದೆ.

"ಹೊಸ ಮರದ್ದು ಬ್ಯಾಡ. ಆ ಶಾಖಕ್ಕೆ ಹೊಸ ಮರ ಏನಾಯ್ತದೆ ಅಂತ ನೀನೇ ನೋಡ್ದಲ್ಲವ್ವ" ಎಂದು ನನ್ನ ಕೈಯಲ್ಲಿದ್ದ ಸೀಳು ಹಲಗೆಯನ್ನು ತೋರಿಸಿದರು.

ಅಷ್ಟು ಉದ್ದದ, ಪೂರ್ತಿ ಒಣಗಿದ ಮರ ನಮ್ಮ ಶೆಡ್ಡಿನಲ್ಲಿ ಒಂದೇ ಇತ್ತು. ನಾನು ಅದರ ಹೆಸರು ಎತ್ತಲಿಲ್ಲ. ಎತ್ತುವ ಹಕ್ಕು ನನಗಿರಲಿಲ್ಲ. ಚಾಚಾ ಬಾಗಿಲಿನ ಉದ್ದಗಲವನ್ನು ಗೇಣಿನಿಂದ ಅಳೆಯುತ್ತಿದ್ದರು. ಅಳೆದು ಮುಗಿಸಿ, ನನ್ನ ಕಡೆ ತಿರುಗದೆ, "ಮಿಲ್ಲಿಗೆ ಫೋನ್ ಮಾಡು ಬೇಟಿ. ನಾಳೆ ಬೆಳಿಗ್ಗೆ ಒಂದು ತೊಲೆ ಸೀಳ್ಬೇಕು ಅಂತ ಹೇಳು" ಎಂದರು.

"ಚಾಚಾ..."

"ಫೋನ್ ಮಾಡು."

ಮರುದಿನ ಆ ತೊಲೆ ಗರಗಸಕ್ಕೆ ಹೋದಾಗ ಅವರು ಮಿಲ್ಲಿನ ಒಳಗೆ ಬರಲಿಲ್ಲ, ಹೊರಗೆ ನಿಂತಿದ್ದರು. ಸಂಜೆಯೊಳಗೆ ಬಾಗಿಲು ಮಾಡಿದರು. ಹೊಗೆಸೊಪ್ಪಿನ ಬ್ಯಾರನ್ನಿಗೆ ಯಾರೂ ಮಾಡಿಸದಷ್ಟು ನುಣ್ಣಗೆ ತೋಪಡ ಹೊಡೆದು, ಅಂಚನ್ನೆಲ್ಲ ದುಂಡಗೆ ಮಾಡಿದರು. ಅದನ್ನು ಕೂರಿಸುವಾಗ ಅಕ್ಕ ಕೈಯಾಡಿಸಿ ನೋಡಿ, "ಸಿಲ್ವರ್ ಕೊಟ್ರೆ ತೇಗ ಬತ್ತದೆ! ನಿಮ್ಗೇನ್ ತಲೆ ಕೆಟ್ಟದಾ ಸಾಬ್ರೇ? ಮನೆ ಮುಂಬಾಗ್ಲಿಗೂ ಇಂಥದ್ದಿಲ್ಲ ನಮ್ಗೆ" ಎಂದರು. ಚಾಚಾ ಕೀಲಿಗೆ ಎಣ್ಣೆ ಬಿಡುತ್ತಿದ್ದರು. ಕೇಳಿಸದವರಂತೆ ಇದ್ದರು. ಬಲಗಿವಿ ಅಕ್ಕನ ಕಡೆಗಿತ್ತು, ನಿಜವಾಗಿಯೂ ಕೇಳಿಸದೆ ಇದ್ದಿರಬಹುದು.

ಬಾಗಿಲಿನ ಮೂರು ಹಲಗೆಗಳಲ್ಲಿ ಎರಡನ್ನು ಜೋಡಿಸಿ ಬಾಡಿ ಮಾಡಿದೆವು. ಈ ಸಲ ಒಂದೊಂದು ಗುಂಡಿ ಕೊರೆದ ಮೇಲೂ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಉಕ್ಕಿನ ಪಟ್ಟಿ ಇಟ್ಟು ನೋಡಿಯೇ ಮುಂದಿನದಕ್ಕೆ ಹೋಗುತ್ತಿದ್ದೆ. ಪಟ್ಟಿಯ ಕೆಳಗೆ ಬೆಳಕು ಬೀಳಲಿಲ್ಲ. ಅದೇ ಪಿಕಪ್ ಹಾಕಿ ಅಳೆದೆ: ಹನ್ನೆರಡನೆಯ ಫ್ರೆಟ್ಟಿನಲ್ಲಿ ಹತ್ತು ಸೆಕೆಂಡು. ಪೂರ್ತಿ ಜೋಡಿಸಿ ತೂಗಿದೆ: ಎರಡು ಕಿಲೋ ಒಂಬೈನೂರ ಎಂಬತ್ತು. ಹಬ್ಬಕ್ಕೆ ಹದಿನೇಳು ದಿನ ಇತ್ತು.

ಗಿಟಾರಿನವರು ಬಂದು ಬೆಲ್ಟು ಹಾಕಿಕೊಂಡು ನಿಂತರು. ಮುಖ ಅರಳಿತು. ಹತ್ತು ನಿಮಿಷ ನುಡಿಸಿದರು. ಆಮೇಲೆ ನಿಲ್ಲಿಸಿದರು.

"ಭಾರ ಇಲ್ಲ ಮೇಡಂ. ಆದ್ರೆ ಎಳೀತದೆ."

ಎಡಗೈ ಬಿಡಲು ಹೇಳಿದೆ. ಬಿಟ್ಟ ಕೂಡಲೇ ನೆಕ್ ನಿಧಾನವಾಗಿ ನೆಲದ ಕಡೆ ಇಳಿಯಿತು. ಬಾಡಿಯನ್ನು ಹಗುರ ಮಾಡುವ ಹಟದಲ್ಲಿ ಭಾರ ನೆಕ್ಕಿನ ಕಡೆಗೆ ವಾಲುತ್ತದೆ ಎಂಬುದನ್ನು ನಾನು ನೋಡಿರಲಿಲ್ಲ. ಆ ನೆಕ್ಕನ್ನು ಎತ್ತಿ ಹಿಡಿಯುವುದು ಎಡಗೈ. ಎಡಗೈಯನ್ನು ಎತ್ತಿ ಹಿಡಿಯುವುದು ಅದೇ ಭುಜ. ತಿಂಗಳಿಡೀ ನಾನು ಗಿಟಾರನ್ನು ಕೊಕ್ಕೆಗೆ ನೇತುಹಾಕಿ ತೂಗಿದ್ದೆ. ಒಂದು ದಿನವೂ ಅವರ ಮೈಮೇಲೆ ತೂಗಿರಲಿಲ್ಲ.

ಚಾಚಾ ಮೂಲೆಯಿಂದ ಎದ್ದು ಬಂದರು. ಗಿಟಾರಿನವರ ಸುತ್ತ ಒಂದು ಸುತ್ತು ಬಂದು, ಬೆಲ್ಟನ್ನು ಹಿಡಿದು ಮುಂದಕ್ಕೂ ಹಿಂದಕ್ಕೂ ಸರಿಸಿ ನೋಡಿದರು. "ನಮ್ ಅಬ್ಬಾ ನೊಗ ಮಾಡೋವಾಗ ಎತ್ತಿನ ಮೇಲಿಟ್ಟೇ ಗೂಟ ಹೊಡೀತಿದ್ರು," ಎಂದರು. "ಓರೆ ಕೂತ್ರೆ ಸಣ್ಣ ನೊಗಾನೂ ಹೆಗಲು ತಿಂದಾಕ್ತದೆ."

"ನಾನ್ ಎತ್ತಾ ಸಾಬ್ರೇ?" ಎಂದರು ಗಿಟಾರಿನವರು.

"ನಿಲ್ರೀ ಸುಮ್ನೆ. ಎತ್ತು ಇಷ್ಟು ಮಾತಾಡಲ್ಲ."

ಅವರನ್ನು ಅಲ್ಲಿಯೇ ನಿಲ್ಲಿಸಿಕೊಂಡು, ಬೆಲ್ಟಿನ ಗುಂಡಿಯನ್ನು ಎಲ್ಲಿಗೆ ತಂದರೆ ನೆಕ್ ತಾನಾಗಿ ನಿಲ್ಲುತ್ತದೆ ಎಂದು ದಾರ ಕಟ್ಟಿ ಹುಡುಕಿದೆವು. ಅದು ಬಾಡಿಯಿಂದ ಮೇಲಕ್ಕೆ ಚಾಚಿದ ಕೊಂಬಿನ ತುದಿಯಿಂದ ಎರಡು ಇಂಚು ಆಚೆಗೆ, ಬರಿಯ ಗಾಳಿಯಲ್ಲಿತ್ತು. ಚಾಚಾ ಬಾಗಿಲಿನ ಮರದ ಉಳಿಕೆಯಲ್ಲೇ ಒಂದು ತುಂಡು ಕೆತ್ತಿ, ಕೊಂಬಿಗೆ ಗೂಟ ಹಾಕಿ ಅಂಟಿಸಿ ಉದ್ದ ಮಾಡಿದರು. ನಾನು ಬಿರಡೆಗಳನ್ನು ಬಿಚ್ಚಿ ಹಗುರದವನ್ನು ಹಾಕಿದೆ. ಕೊಂಬಿಗೆ ಅಂಟಿಸಿದಲ್ಲಿನ ಗೆರೆ ಎದ್ದು ಕಾಣುತ್ತಿತ್ತು. ಹಳೆಯ ಕೀಲಿನ ಕಪ್ಪು ಕಲೆಯೂ ಹಿಂಬದಿಯಲ್ಲಿ ಉಳಿಯಿತು. ಬಣ್ಣ ಹೊಡೆಯಲು ಸಮಯವಿರಲಿಲ್ಲ. ತೂಕ ಎರಡು ಕಿಲೋ ಒಂಬೈನೂರ ಮೂವತ್ತು. ಕೈ ಬಿಟ್ಟರೆ ನೆಕ್ ನಿಂತಲ್ಲೇ ನಿಂತಿತು.

ಹಬ್ಬಕ್ಕೆ ಆರು ದಿನ ಇರುವಾಗ ಕೆ.ಆರ್. ನಗರದ ಒಂದು ಸಣ್ಣ ಸಭಾಂಗಣದಲ್ಲಿ ಪ್ರಾಕ್ಟೀಸ್. ಮಧ್ಯಾಹ್ನ ಎರಡಕ್ಕೆ ಶುರು. ತಂತಿ ಕಿತ್ತರೆ ಬೇಕಾದೀತೆಂದು ನಾನು ಸಾಮಾನಿನ ಚೀಲದೊಂದಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಯಜಮಾನರು ಮುಂದಿನ ಸಾಲಿನಲ್ಲಿದ್ದರು. ಒಂದು ಗಂಟೆಯಾಯಿತು. ಒಂದು ಹಾಡಿನ ನಡುವೆ ಅವರು ಕೀಬೋರ್ಡಿನವರಿಗೆ ಕೈಯಲ್ಲಿ ಸನ್ನೆ ಮಾಡಿ ನಿಲ್ಲಿಸಿ, ಗಿಟಾರನ್ನು ಒಂಟಿಯಾಗಿ ನುಡಿಸಲು ಹೇಳಿದರು. ಗಿಟಾರಿನವರು ಮೇಲಿನ ಸ್ವರವೊಂದನ್ನು ಎಳೆದು ಬಿಟ್ಟರು. ಅದು ಸಭಾಂಗಣದ ತುದಿಯವರೆಗೆ ಬಂತು. ನಾನು ಎಣಿಸಲಿಲ್ಲ.

"ಇದು ಬರಲ್ಲ ಕಣೋ ನಿನ್ ಡಬ್ಬದಲ್ಲಿ," ಎಂದರು ಯಜಮಾನರು ಕೀಬೋರ್ಡಿನವರಿಗೆ. ಎಲ್ಲರೂ ನಕ್ಕರು. ಕೀಬೋರ್ಡಿನವರು ಉತ್ತರವಾಗಿ ನಾಯಿ ಬೊಗಳುವ ಗುಂಡಿ ಒತ್ತಿದರು.

ಎರಡು ಗಂಟೆ ಕಳೆಯಿತು. ಗಿಟಾರಿನವರ ಮುಖದಲ್ಲಿ ಏನನ್ನೂ ಓದಲಾಗುತ್ತಿರಲಿಲ್ಲ. ಕೊನೆಯ ಅರ್ಧ ಗಂಟೆ ಅವರು ಅಲ್ಲಾಡದೆ ಒಂದೇ ಕಡೆ ನಿಂತಿದ್ದರು. ಐದು ಹೊಡೆದ ಮೇಲೆ ಯಜಮಾನರು ಎದ್ದು, "ಸರಿ. ಆರನೇ ದಿನ ಗಾಡಿ ಬತ್ತದೆ, ರೆಡಿ ಇರಿ" ಎಂದು ಹೇಳಿ ಹೊರಗೆ ಹೋದರು.

ನಾನು ಚೀಲ ತೆಗೆದುಕೊಂಡು ವೇದಿಕೆಯ ಪಕ್ಕಕ್ಕೆ ಹೋದೆ. ಅವರು ಸ್ಪೀಕರುಗಳ ಹಿಂದೆ, ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಗಿಟಾರ್ ಇನ್ನೂ ಹೆಗಲಲ್ಲೇ ಇತ್ತು.

"ಮೇಡಂ," ಎಂದರು ತಗ್ಗಿದ ದನಿಯಲ್ಲಿ, "ಬೆಲ್ಟ್ ಒಸಿ ತೆಗೀರಿ. ಕೈ ಮೇಲಕ್ ಬತ್ತಿಲ್ಲ."

ನಾನು ಅವರ ಹಿಂದೆ ನಿಂತು, ಬೆಲ್ಟನ್ನು ತಲೆಯ ಮೇಲಿನಿಂದ ಎತ್ತಿ ತೆಗೆದೆ. ಬೆಲ್ಟು ಕೂತಿದ್ದಲ್ಲಿ ಅಂಗಿ ಮೈಗೆ ಅಂಟಿಕೊಂಡಿತ್ತು. ಎಡಗೈ ಪಕ್ಕದಲ್ಲಿ ಇಳಿಬಿದ್ದಿತ್ತು.

"ಎಷ್ಟು ಹೊತ್ತಿನಿಂದ?"

"ಎರಡೂವರೆ ಗಂಟೆವರ್ಗೂ ಏನೂ ಇರ್ಲಿಲ್ಲ. ಆಣೆಗೂ. ಆಮೇಲೆ..." ಎಂದು ನಿಲ್ಲಿಸಿದರು. "ಯಜಮಾನ್ರಿಗೆ ಗೊತ್ತಾಗೋದ್ ಬ್ಯಾಡ."

"ಡಾಕ್ಟರಿಗೆ?"

"ಹಬ್ಬ ಮುಗೀಲಿ ಮೇಡಂ."

ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದು ಅವರ ಬಲಗೈಗೆ ಕೊಟ್ಟೆ. ಹುಣಸೂರಿನ ಬಸ್ಸಿನಲ್ಲಿ ಪುಸ್ತಕ ತೆರೆದೆ. ತೂಕದ ಅಂಕಣ ತುಂಬಿತ್ತು, ಸೆಕೆಂಡುಗಳ ಅಂಕಣ ತುಂಬಿತ್ತು. ಷರಾ ಎಂಬ ಅಂಕಣದಲ್ಲಿ "ಮೂರು ಗಂಟೆ ನಿಂತರು" ಎಂದು ಬರೆದೆ. ಅದು ನಿಜ. "ಕೆಲಸ ನಡೀತಿದೆ ಸರ್" ಎಂಬುದು ಎಷ್ಟು ನಿಜವೋ ಅಷ್ಟೇ ನಿಜ. ಅದರ ಕೆಳಗೆ "ಎರಡೂವರೆ ಗಂಟೆಯ ಮೇಲೆ ನೋವು. ಬೆಲ್ಟ್ ನಾನು ತೆಗೆದೆ" ಎಂದು ಸೇರಿಸಿದೆ.

ಈ ಸಲ ನಾಲ್ಕು ದಿನ ಕಾಯಲಿಲ್ಲ. ಮರುದಿನ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುತ್ತಿದ್ದಂತೆಯೇ ಚಾಚಾ ಅವರಿಗೆ ಆ ಎರಡು ಸಾಲುಗಳನ್ನು ಓದಿ ಹೇಳಿದೆ, ಎಡಗಿವಿಯ ಹತ್ತಿರ ನಿಂತು, ಗಟ್ಟಿಯಾಗಿ.

ಅವರು ಕೇಳಿಸಿಕೊಂಡರು. ಅಟ್ಟದ ಮೇಲೆ, ತೊಲೆಯಿದ್ದ ಜಾಗದಲ್ಲಿ ಈಗ ಬಾಗಿಲಿನ ಮೂರನೆಯ ಹಲಗೆ ಒಂದೇ ಇತ್ತು. ಅದನ್ನು ಇಳಿಸಿ ಬೆಂಚಿನ ಮೇಲಿಟ್ಟರು. ಅಗಲ ಒಂಬತ್ತೇ ಇಂಚು. ಅಷ್ಟರಲ್ಲಿ ಎಂಥ ಬಾಡಿ ಬಂದೀತು ಎಂದು ಕೇಳಬೇಕೆನ್ನುವಷ್ಟರಲ್ಲಿ ಅವರು ಬಾಗಿ, ದವಡೆ ಒತ್ತಿ, ಕಣ್ಣು ಮುಚ್ಚಿ, ಎರಡು ಸಲ ಕುಟ್ಟಿದರು.

"ಎರಡೂವರೆ ಕಿಲೋ," ಎಂದರು, ತಲೆ ಎತ್ತದೆ. "ಬರ್ಕೊ."